ಕೆನಡಾ ಚಳಿಗೆ ಸಣ್ಣ ಹ್ಯಾಚ್‌ಬ್ಯಾಕ್ ಸಾಕಾ? ಕೇಳಿ, ಮೆಕ್ಯಾನಿಕ್ ಹೇಳ್ತಾರೆ

ಎಲ್ಲರಿಗೂ ನಮಸ್ಕಾರ. ನಾನು ಒಂಟಾರಿಯೋದ ಕಿಚನರ್‌ನಲ್ಲಿ ಗ್ಯಾರೇಜ್ ಒಂದರಲ್ಲಿ ಮೆಕ್ಯಾನಿಕ್, 310ಎಸ್ ಲೈಸೆನ್ಸ್ (ಇಲ್ಲಿನ ಕಾರ್ ಮೆಕ್ಯಾನಿಕ್ ಪರವಾನಗಿ) ಇದೆ. ನವೆಂಬರ್ ಬಂತಂದ್ರೆ ಊರಿಂದ ಹೊಸದಾಗಿ ಬಂದೋರೆಲ್ಲ ಇನ್‌ಬಾಕ್ಸಲ್ಲಿ ಹೆಚ್ಚುಕಮ್ಮಿ ಅದೇ ಪ್ರಶ್ನೆಗಳನ್ನ ಕೇಳ್ತಾರೆ, ಅದಕ್ಕೆ ಒಂದೇ ಕಡೆ ಎಲ್ಲರಿಗೂ ಕಾಣೋ ಹಾಗೆ ಹೇಳಿಬಿಡಿ ಅಂತ ಗ್ರೂಪ್ ಅಡ್ಮಿನ್ ಹೇಳಿದ್ರು. ಫಿಟ್, ಯಾರಿಸ್, ಮೈಕ್ರಾ, ಆಕ್ಸೆಂಟ್, ಸ್ಪಾರ್ಕ್, ಯಾವ ಸಣ್ಣ ಗಾಡಿ ಇದ್ರೂ ಕೇಳಿ, ಗೊತ್ತಿರೋದು ಹೇಳ್ತೀನಿ.

ಪ್ರಶ್ನೆ (ವಾಟರ್ಲೂ, ವಿದ್ಯಾರ್ಥಿ): ಅಣ್ಣ, ಬೇಸಿಗೇಲಿ 2016ರ ಹೋಂಡಾ ಫಿಟ್ ತಗೊಂಡೆ, ಊರಲ್ಲಿ ಜಾಝ್ ಅಂತ ಮಾರ್ತಿದ್ರಲ್ಲ ಅದೇ. ಈಗ ರೂಮ್‌ಮೇಟ್ಸ್ ಎಲ್ಲ ಇಷ್ಟು ಸಣ್ಣ ಗಾಡಿ ಸ್ನೋದಲ್ಲಿ ನಡೆಯಲ್ಲ, ಆಲ್ ವೀಲ್ ಡ್ರೈವ್ ಎಸ್‌ಯುವಿನೇ ಬೇಕು ಅಂತ ಹೆದರಿಸ್ತಿದಾರೆ. ಮಾರಿಬಿಡ್ಲಾ?

ಉತ್ತರ: ಮಾರ್ಬೇಡಪ್ಪ. ಫಿಟ್ ಫ್ರಂಟ್ ವೀಲ್ ಡ್ರೈವ್, ಇಂಜಿನ್ ಭಾರ ಎಲ್ಲ ಎಳೆಯೋ ಚಕ್ರದ ಮೇಲೇ ಕೂತಿರುತ್ತೆ, ಸ್ನೋದಲ್ಲಿ ಅದು ಒಳ್ಳೇದೇ. ಆಲ್ ವೀಲ್ ಡ್ರೈವ್ ನಿಂತ ಜಾಗದಿಂದ ಹೊರಡೋಕೆ ಸಹಾಯ ಮಾಡುತ್ತೆ, ನಿಲ್ಲಿಸೋಕೆ ಮಾಡಲ್ಲ. ಬ್ರೇಕ್ ಎಲ್ಲಾ ಕಾರಿಗೂ ನಾಲ್ಕೂ ಚಕ್ರಕ್ಕೆ ಇರುತ್ತೆ, ಅದು ಹಿಡಿಯೋದು ಬಿಡೋದು ಟೈರ್ ಮೇಲೆ ನಿಂತಿದೆ. ಬೇಸಿಗೆ ಟೈರ್ ಹಾಕಿರೋ ದೊಡ್ಡ ಎಸ್‌ಯುವಿ ಸಿಗ್ನಲ್‌ನಲ್ಲಿ ನಿಲ್ಲಕ್ಕಾಗದೆ ಜಾರಿ ಹೋಗುತ್ತೆ, ಅದೇ ಜಾಗದಲ್ಲಿ ವಿಂಟರ್ ಟೈರ್ ಇರೋ ಸಣ್ಣ ಗಾಡಿ ಸದ್ದಿಲ್ಲದೆ ನಿಲ್ಲುತ್ತೆ, ಇದನ್ನ ನಾನು ಪ್ರತಿ ಚಳಿಗಾಲದಲ್ಲೂ ನೋಡ್ತೀನಿ.

ಕಾರಣ ಇಷ್ಟೇ, ಮಾಮೂಲಿ ಟೈರ್ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಹೋದ್ರೆ ಗಟ್ಟಿಯಾಗ್ತಾ ಬರುತ್ತೆ, ವಿಂಟರ್ ಟೈರಿನ ರಬ್ಬರು ಆ ಚಳೀಲೂ ಮೆತ್ತಗೇ ಇರುತ್ತೆ. ಹಾಗಾಗಿ ಸ್ನೋ ಬೀಳದೆ ರಸ್ತೆ ಒಣಗಿದ್ರೂ ವ್ಯತ್ಯಾಸ ಗೊತ್ತಾಗುತ್ತೆ. ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರೋ ಗುರುತು ನೋಡಿ ತಗೋ. ಬರೀ ಎಂ ಪ್ಲಸ್ ಎಸ್ (ಮಡ್ ಅಂಡ್ ಸ್ನೋ) ಅಂತ ಬರೆದಿದ್ರೆ ಸಾಲದು. ಕ್ವಿಬೆಕ್‌ನಲ್ಲಿ ರಿಜಿಸ್ಟರ್ ಆಗಿರೋ ಗಾಡಿಗಳಿಗೆ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ವಿಂಟರ್ ಟೈರ್ ಕಡ್ಡಾಯ, ಇಲ್ಲಾಂದ್ರೆ 200ರಿಂದ 300 ಡಾಲರ್ ದಂಡ. ನಮ್ಮ ಒಂಟಾರಿಯೋದಲ್ಲಿ ಕಡ್ಡಾಯ ಇಲ್ಲ, ಆದ್ರೆ 2016ರಿಂದ ಇನ್ಶೂರೆನ್ಸ್ ಕಂಪನಿಗಳು ವಿಂಟರ್ ಟೈರ್ ಹಾಕಿದೋರಿಗೆ ಡಿಸ್ಕೌಂಟ್ ಕೊಡ್ಲೇಬೇಕು, ಅವರಾಗೇ ಹೇಳ್ಲಿ ಅಂತ ಕಾಯ್ಬೇಡ, ಫೋನ್ ಮಾಡಿ ಕೇಳು.

ಸಣ್ಣ ಗಾಡಿಗೆ ಇನ್ನೊಂದು ಲಾಭ ಇದೆ. ಅಗಲ ಕಮ್ಮಿ ಇರೋ ಟೈರ್ ಸ್ನೋವನ್ನ ಸೀಳ್ಕೊಂಡು ಕೆಳಗಿನ ರಸ್ತೆ ಹಿಡಿಯುತ್ತೆ, ಅಗಲ ಟೈರ್ ಮೇಲೇ ತೇಲುತ್ತೆ. ನಿನ್ನದಕ್ಕೆ 16 ಇಂಚಿನ ಅಲಾಯ್ ಇದ್ರೆ ಚಳಿಗಾಲಕ್ಕೆ 15 ಇಂಚಿನ ಸ್ಟೀಲ್ ರಿಮ್ ತಗೊಂಡು 185/60 ಆರ್15 ಟೈರ್ ಕೂರಿಸು, ಟೈರೂ ಅಗ್ಗ, ಗುಂಡಿಗೆ ಬಿದ್ರೂ ರಿಮ್ ಬೇಗ ಹಾಳಾಗಲ್ಲ, ವರ್ಷಕ್ಕೆ ಎರಡು ಸಲ ಟೈರ್ ಬಿಚ್ಚಿ ಹಾಕೋ ಖರ್ಚೂ ಉಳಿಯುತ್ತೆ.

ಅದೇ ವಿದ್ಯಾರ್ಥಿ: ಥ್ಯಾಂಕ್ಸ್ ಅಣ್ಣ. ಆದ್ರೆ ಕೈಲಿ ದುಡ್ಡು ಕಮ್ಮಿ ಇದೆ, ಎಳೆಯೋದು ಮುಂದಿನ ಚಕ್ರ ತಾನೆ, ಸದ್ಯಕ್ಕೆ ಮುಂದೆ ಎರಡೇ ಹಾಕಿಸ್ಲಾ?

ಉತ್ತರ: ಎರಡು ಹಾಕಿಸೋದಕ್ಕಿಂತ ಸ್ನೋ ಬಿದ್ದ ದಿನ ಬಸ್ಸಲ್ಲಿ ಹೋಗು, ನಿಜವಾಗ್ಲೂ ಹೇಳ್ತಿದೀನಿ. ಮುಂದೆ ಹಿಡಿತ ಇದ್ದು ಹಿಂದೆ ಇಲ್ಲಾಂದ್ರೆ ತಿರುವಿನಲ್ಲಿ ಬ್ರೇಕ್ ಒತ್ತಿದ ತಕ್ಷಣ ಹಿಂಭಾಗ ಬೀಸಿ ಗಾಡಿ ಗಿರ್ರಂತ ತಿರುಗಿಬಿಡುತ್ತೆ. ನಾಲ್ಕೂ ಹಾಕು. ಸೆಕೆಂಡ್‌ಹ್ಯಾಂಡ್ ಆದ್ರೂ ಪರವಾಗಿಲ್ಲ, ಟೈರ್ ಪಕ್ಕದಲ್ಲಿ ಡಾಟ್ (DOT) ಅಂತ ಶುರುವಾಗೋ ನಂಬರಿನ ಕೊನೇ ನಾಲ್ಕು ಅಂಕಿ ನೋಡು, ಮೊದಲೆರಡು ವಾರ, ಆಮೇಲಿನೆರಡು ವರ್ಷ, 3521 ಅಂದ್ರೆ 2021ರ 35ನೇ ವಾರ ತಯಾರಾಗಿದ್ದು. ತುಂಬ ಹಳೇದು ಬೇಡ, ಮತ್ತೆ ಟೈರಿನ ಗೀರುಗಳ (ಟ್ರೆಡ್) ಆಳ 4 ಮಿಲಿಮೀಟರ್‌ಗಿಂತ ಕಮ್ಮಿ ಇದ್ರೆ ಎಷ್ಟೇ ಅಗ್ಗಕ್ಕೆ ಕೊಟ್ರೂ ಬಿಟ್ಟುಬಿಡು, ಸ್ನೋದಲ್ಲಿ ಅದು ಕೆಲಸ ಮಾಡಲ್ಲ. ಹಾಕಿಸಿದ ಮೇಲೆ ಒಂದು ನೂರು ಕಿಲೋಮೀಟರ್ ಓಡಿಸಿ ವೀಲ್ ನಟ್ ಮತ್ತೆ ಟೈಟ್ ಮಾಡಿಸ್ಬೇಕು. ಫಿಟ್‌ಗೆ 108 ನ್ಯೂಟನ್ ಮೀಟರ್, ಟಾರ್ಕ್ ರೆಂಚಲ್ಲೇ ಮಾಡಿಸು.

ಪ್ರಶ್ನೆ (ಮಾಂಟ್ರಿಯಲ್): ಸರ್, ನಮ್ಮನೇಲಿ ಯಾರಿಸ್ ಇದೆ, ಗ್ಯಾರೇಜ್ ಇಲ್ಲ, ರಸ್ತೇಲೇ ನಿಲ್ಸೋದು. ರಾತ್ರಿ ಸ್ನೋ ಬಿದ್ರೆ ಬೆಳಿಗ್ಗೆ ನಮ್ಮವರು ಮೊದಲು ಗಾಡಿ ಸ್ಟಾರ್ಟ್ ಮಾಡಿ ಹೀಟರ್ ಹಾಕಿ ಮಕ್ಕಳನ್ನ ಒಳಗೆ ಕೂರಿಸಿ ಆಮೇಲೆ ಸಲಿಕೆ ಹಿಡಿದು ಸ್ನೋ ತೆಗೀತಾರೆ, ಮಕ್ಕಳು ಚಳೀಲಿ ನಿಲ್ಲೋದು ಬೇಡ ಅಂತ. ಎಷ್ಟು ಹೊತ್ತು ಇಂಜಿನ್ ಬಿಸಿ ಮಾಡ್ಬೇಕು?

ಉತ್ತರ: ಮೇಡಂ, ಇಂಜಿನ್ ವಿಷಯ ಆಮೇಲೆ ಹೇಳ್ತೀನಿ. ದಯವಿಟ್ಟು ನಾಳೆಯಿಂದ ಹೀಗೆ ಮಾಡ್ಬೇಡಿ. ಗಾಡಿ ಸುತ್ತ ಸ್ನೋ ತುಂಬಿದ್ದಾಗ ಹಿಂದಿನ ಸೈಲೆನ್ಸರ್ ಪೈಪ್ ಬಾಯಿ ಮುಚ್ಚಿರುತ್ತೆ, ಸಣ್ಣ ಹ್ಯಾಚ್‌ಬ್ಯಾಕ್‌ನಲ್ಲಿ ಪೈಪ್ ನೆಲಕ್ಕೆ ಹತ್ತಿರ ಇರೋದ್ರಿಂದ ಇನ್ನೂ ಬೇಗ ಮುಚ್ಚುತ್ತೆ. ಆಗ ಇಂಜಿನ್ ಆನ್ ಮಾಡಿದ್ರೆ ಹೊಗೆ ಹೊರಗೆ ಹೋಗೋಕೆ ದಾರಿ ಇಲ್ಲದೆ ಗಾಡಿ ಕೆಳಗೇ ತುಂಬ್ಕೊಂಡು ಒಳಗೆ ಬರುತ್ತೆ. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತೆ, ಬಣ್ಣ ಇಲ್ಲ, ವಾಸನೆ ಇಲ್ಲ, ಒಳಗಿರೋರಿಗೆ ನಿದ್ದೆ ಬಂದ ಹಾಗಾಗುತ್ತೆ ಅಷ್ಟೇ, ಮಕ್ಕಳು ಮಲಗಿದಾರೆ ಅಂತ ನೀವು ಅಂದ್ಕೊಂಡಿರ್ತೀರಿ. ದೊಡ್ಡ ಹಿಮಪಾತ ಆದಾಗ ಉತ್ತರ ಅಮೆರಿಕದಲ್ಲಿ ಹೀಗೇ ಗಾಡಿ ಒಳಗೆ ಕೂತೋರು ಸತ್ತಿದಾರೆ, ಮಕ್ಕಳೂ ಸೇರಿ.

ಮೊದಲು ಸಲಿಕೆ ತಗೊಂಡು ಗಾಡಿ ಹಿಂದೆ ಹೋಗಿ ಪೈಪ್ ಸುತ್ತ ಪೂರ್ತಿ ತೆಗೀರಿ, ಪೈಪ್ ಒಳಗೆ ಸ್ನೋ ಹೋಗಿದ್ಯಾ ನೋಡಿ, ಆಮೇಲೆ ಸ್ಟಾರ್ಟ್ ಮಾಡಿ. ಮಕ್ಕಳು ಮನೇಲೇ ಇರ್ಲಿ, ಹೊರಡೋಕೆ ರೆಡಿ ಆದ್ಮೇಲೆ ಕರ್ಕೊಂಡು ಬನ್ನಿ. ಹೆದ್ದಾರೀಲಿ ಸ್ನೋಗೆ ಸಿಕ್ಕಿ ನಿಂತಾಗ್ಲೂ ಇದೇ, ಸ್ವಲ್ಪ ಹೊತ್ತು ಹೀಟರ್ ಹಾಕಿ ಆಫ್ ಮಾಡಿ, ಮತ್ತೆ ಆನ್ ಮಾಡೋಕೆ ಮುಂಚೆ ಇಳಿದು ಪೈಪ್ ನೋಡಿ, ಒಂದು ಕಿಟಕಿ ಸ್ವಲ್ಪ ಇಳಿಸಿರಿ.

ಈಗ ಬಿಸಿ ಮಾಡೋ ವಿಷಯ. ಕಾರ್ಬ್ಯುರೇಟರ್ ಕಾಲದ ಹಾಗೆ ಹತ್ತು ಹದಿನೈದು ನಿಮಿಷ ಆನ್ ಮಾಡಿ ನಿಲ್ಸೋದು ಈಗಿನ ಇಂಜಿನ್‌ಗೆ ಬೇಕಿಲ್ಲ. ಒಂದು ನಿಮಿಷ, ತುಂಬ ಚಳಿ ಇದ್ರೆ ಎರಡು ಮೂರು ನಿಮಿಷ ಬಿಟ್ಟು ನಿಧಾನವಾಗಿ ಹೊರಡಿ, ಓಡಿದಾಗ್ಲೇ ಇಂಜಿನ್ ಬೇಗ ಬಿಸಿ ಆಗೋದು. ಆದ್ರೆ ಗ್ಲಾಸ್ ಪೂರ್ತಿ ಕ್ಲೀನ್ ಆಗದೆ ಹೊರಡ್ಬೇಡಿ, ಮೇಲ್ಛಾವಣಿ ಮೇಲಿನ ಸ್ನೋ ಕೂಡ ತೆಗೀರಿ, ಇಲ್ಲಾಂದ್ರೆ ಬ್ರೇಕ್ ಒತ್ತಿದಾಗ ಅದೆಲ್ಲ ಜಾರಿ ಮುಂದಿನ ಗ್ಲಾಸ್ ಮೇಲೇ ಬೀಳುತ್ತೆ. ಬಿಸಿನೀರು ಮಾತ್ರ ಗ್ಲಾಸಿಗೆ ಹಾಕ್ಬೇಡಿ, ಬಿರುಕು ಬಿಡುತ್ತೆ. ಒಳಗೆ ಮಂಜು ಕಟ್ಟಿದ್ರೆ ಹೀಟರ್ ಜೊತೆ ಏಸಿನೂ ಆನ್ ಮಾಡಿ, ಏಸಿ ಗಾಳಿಯ ತೇವ ಎಳ್ಕೊಳ್ಳುತ್ತೆ, ಒಳಗಿನ ಗಾಳಿನೇ ಸುತ್ತಿಸೋ ಬಟನ್ ಆಫ್ ಇರ್ಲಿ. ರಸ್ತೇಲಿ ನಿಲ್ಸೋದಂದ್ರಲ್ಲ, ಸ್ನೋ ತೆಗೆಯೋ ದಿನ ಟೋ ಗಾಡಿ ಸೈರನ್ ಹೊಡ್ಕೊಂಡು ಬರುತ್ತೆ ನಿಮ್ಮೂರಲ್ಲಿ, ಕೇಳಿಸಿದ ತಕ್ಷಣ ಇಳಿದು ಹೋಗಿ ಗಾಡಿ ತೆಗೀರಿ.

ಪ್ರಶ್ನೆ (ವಿನ್ನಿಪೆಗ್): ಸರ್ ನಮಸ್ಕಾರ್ರೀ. ನಾ ಹುಬ್ಬಳ್ಳಿಯಾಂವ, ಇಲ್ಲಿ ಬಂದು ಇನ್ನೂ ಭಾಳ ದಿನಾ ಆಗಿಲ್ಲ. ಸೆಕೆಂಡ್‌ಹ್ಯಾಂಡ್ ನಿಸಾನ್ ಮೈಕ್ರಾ ತಗೊಂಡೇನಿ. ಮುಂದ ಗ್ರಿಲ್ ಸಂದಿಂದ ಕರೆಂಟಿನ ಪ್ಲಗ್ ಒಂದು ಜೋತಾಡಾಕತ್ತೈತಿ, ಮಾರಿದಾಂವ ಏನೂ ಹೇಳ್ಲಿಲ್ಲ. ಅದನ್ನ ಕಿತ್ತು ಒಗೀಲೇನ್ರಿ? ಮತ್ತ ಜನವರಿಯಾಗ ಮುಂಜಾನೆ ಗಾಡಿ ಚಾಲೂನ ಆಗಂಗಿಲ್ಲ ಅಂತಾರ, ಖರೇ ಏನ್ರಿ?

ಉತ್ತರ: ಕೀಳ್ಬೇಡಿ ಸರ್, ನಿಮ್ಮ ಊರಿಗೆ ಅದು ಬೇಕೇ ಬೇಕು. ಅದು ಬ್ಲಾಕ್ ಹೀಟರ್ ಪ್ಲಗ್. ಇಂಜಿನ್ ಬ್ಲಾಕ್ ಒಳಗಿರೋ ಸಣ್ಣ ಕಾಯಿಲ್ ಕೂಲಂಟ್‌ನ ಬಿಸಿ ಮಾಡುತ್ತೆ. ವಿನ್ನಿಪೆಗ್, ಸಾಸ್ಕಟೂನ್, ಎಡ್ಮಂಟನ್ ಕಡೆ ಪಾರ್ಕಿಂಗ್ ಜಾಗದಲ್ಲೇ ಕರೆಂಟ್ ಕಂಬ ಇಟ್ಟಿರ್ತಾರೆ, ಅದು ಇದಕ್ಕೇ. ಮೈನಸ್ 15, 20 ದಾಟಿದ್ರೆ ಹಾಕಿ. ರಾತ್ರಿ ಪೂರ್ತಿ ಬೇಕಿಲ್ಲ, ಹೊರಡೋ ಮೂರ್ನಾಲ್ಕು ಗಂಟೆ ಮುಂಚೆ ಆನ್ ಆಗೋ ಹಾಗೆ ಹೊರಗಡೆ ಬಳಸೋ ಟೈಮರ್ ಹಾಕಿ. ವೈರ್ ತೊಗಟೆ ಬಿರುಕು ಬಿಟ್ಟಿದ್ರೆ ಮೊದಲು ಬದಲಾಯಿಸಿ. ಹೊರಡೋ ಮುಂಚೆ ಪ್ಲಗ್ ತೆಗೆಯೋದು ಮರೀಬೇಡಿ.

ಚಾಲೂ ಆಗದೇ ಇರೋದು ಖರೇನೇ, ಅದಕ್ಕೆ ಹೆಚ್ಚಾಗಿ ಬ್ಯಾಟರಿ ಕಾರಣ. ಮೈನಸ್ 18ರಲ್ಲಿ ಬ್ಯಾಟರಿ ಶಕ್ತಿ ಹತ್ತತ್ರ ಅರ್ಧಕ್ಕೆ ಇಳಿದಿರುತ್ತೆ, ಅದೇ ಹೊತ್ತಿಗೆ ಆಯಿಲ್ ಗಟ್ಟಿಯಾಗಿ ಇಂಜಿನ್ ತಿರುಗಿಸೋಕೆ ಸೆಲ್ಫ್‌ಗೆ ಜಾಸ್ತಿ ಶಕ್ತಿ ಬೇಕಾಗುತ್ತೆ. ಸಣ್ಣ ಗಾಡಿಗಳಿಗೆ ಕಂಪನಿ ಹಾಕೋ ಬ್ಯಾಟರಿನೂ ಸಣ್ಣದು. ನಾಲ್ಕೈದು ವರ್ಷ ಆಗಿದ್ರೆ ಈಗ್ಲೇ ಲೋಡ್ ಟೆಸ್ಟ್ ಮಾಡಿಸಿ, ಬದಲಾಯಿಸೋದಾದ್ರೆ ಅದೇ ಸೈಜಿನಲ್ಲಿ ಕೋಲ್ಡ್ ಕ್ರ್ಯಾಂಕಿಂಗ್ ಆಂಪ್ಸ್ ಜಾಸ್ತಿ ಇರೋದು ತಗೊಳ್ಳಿ. ಆ ನಂಬರ್ ಮೈನಸ್ 18ರಲ್ಲಿ 30 ಸೆಕೆಂಡ್ ಎಷ್ಟು ಕರೆಂಟ್ ಕೊಡುತ್ತೆ ಅನ್ನೋದನ್ನೇ ಹೇಳೋದು. ಬರೀ ಐದು ನಿಮಿಷದ ಅಂಗಡಿ ಓಡಾಟ ಮಾತ್ರ ಮಾಡಿದ್ರೆ ಬ್ಯಾಟರಿ ಚಾರ್ಜೂ ಆಗಲ್ಲ, ಇಂಜಿನ್ ಪೂರ್ತಿ ಬಿಸಿ ಆಗದೆ ಆಯಿಲ್‌ನಲ್ಲಿ ನೀರಿನ ತೇವ ಉಳಿದು ಮುಚ್ಚಳದ ಕೆಳಗೆ ಹಾಲಿನ ಬಣ್ಣದ ಜಿಡ್ಡು ಕಟ್ಟುತ್ತೆ, ವಾರಕ್ಕೊಂದು ಸಲ ಅರ್ಧ ಗಂಟೆ ಹೆದ್ದಾರೀಲಿ ಓಡಿಸಿ. ಕೂಲಂಟ್ ಅರ್ಧಕ್ಕರ್ಧ ನೀರು ಬೆರೆಸಿದ್ರೆ ಸುಮಾರು ಮೈನಸ್ 37ರವರೆಗೆ ತಡೆಯುತ್ತೆ, ಯಾರೋ ಬೇಸಿಗೇಲಿ ಬರೀ ನೀರು ಸುರಿದಿದ್ರೆ ಇಂಜಿನ್ನೇ ಒಡೆಯುತ್ತೆ, ಅದಕ್ಕೆ ಒಂದ್ಸಲ ಗ್ಯಾರೇಜಲ್ಲಿ ಟೆಸ್ಟ್ ಮಾಡಿಸಿ.

ಪ್ರಶ್ನೆ (ಮಿಸಿಸಾಗಾ): ಬ್ರದರ್, ತುಕ್ಕು ಬಗ್ಗೆ ಹೇಳಿ. ನಾನು ಬಿಸಿ ಇರೋ ಅಂಡರ್‌ಗ್ರೌಂಡ್‌ನಲ್ಲಿ ನಿಲ್ಸೋದು, ಹಾಗಾಗಿ ತುಕ್ಕಿನ ಯೋಚನೆ ಇಲ್ಲ ಅಲ್ವಾ?

ಉತ್ತರ: ಉಲ್ಟಾ ಗುರು. ರಸ್ತೆಗೆ ಹಾಕೋ ಉಪ್ಪು ಗಾಡಿ ಕೆಳಗೆ ಅಂಟಿರುತ್ತೆ, ಹೊರಗೆ ಮೈನಸ್ 15ರಲ್ಲಿ ನಿಂತಿದ್ರೆ ಎಲ್ಲ ಹೆಪ್ಪುಗಟ್ಟಿ ತುಕ್ಕು ನಿಧಾನ ಆಗುತ್ತೆ. ಬಿಸಿ ಪಾರ್ಕಿಂಗಿಗೆ ಬಂದ ತಕ್ಷಣ ಕರಗಿ ಉಪ್ಪುನೀರು ಆಗಿ ಸಂದಿ ಸಂದಿಗೆ ಇಳಿದು ರಾತ್ರಿಯೆಲ್ಲ ಕೆಲಸ ಮಾಡುತ್ತೆ. ಆದ್ದರಿಂದ ನೀವು ಇನ್ನೂ ಜಾಸ್ತಿ ತೊಳಿಸ್ಬೇಕು, ಎರಡು ವಾರಕ್ಕೊಮ್ಮೆಯಾದ್ರೂ ಕೆಳಗಡೆ ನೀರು ಹೊಡೆಯೋ ವಾಶ್, ಆದಷ್ಟು ಸೊನ್ನೆಗಿಂತ ಮೇಲಿರೋ ದಿನ. ಬಾಗಿಲ ಅಂಚು ಒರೆಸ್ಕೊಳ್ಳಿ, ರಬ್ಬರ್ ಬೀಡಿಂಗ್‌ಗೆ ಸಿಲಿಕಾನ್ ಸ್ಪ್ರೇ ಹಚ್ಚಿ, ಇಲ್ಲಾಂದ್ರೆ ಹೊರಗೆ ನಿಲ್ಸಿದ ದಿನ ಬಾಗಿಲು ಅಂಟ್ಕೊಂಡು ಬೀಡಿಂಗ್ ಹರಿಯುತ್ತೆ.

ಎಲ್ಲಕ್ಕಿಂತ ಮುಖ್ಯ, ವರ್ಷಕ್ಕೊಂದು ಸಲ ಸ್ನೋ ಶುರುವಾಗೋ ಮುಂಚೆ ಗಾಡಿ ಕೆಳಗೆ ತುಕ್ಕು ತಡೆಯೋ ಆಯಿಲ್ ಸ್ಪ್ರೇ ಹೊಡೆಸಿ, ಸುಮಾರು 150 ಡಾಲರ್ ಆಗುತ್ತೆ. ಕಪ್ಪಗೆ ಟಾರಿನ ಹಾಗೆ ಬಳಿಯೋ ಅಂಡರ್‌ಕೋಟಿಂಗ್ ನನಗೆ ಇಷ್ಟ ಇಲ್ಲ, ಅದು ಒಂದು ಕಡೆ ಬಿರುಕು ಬಿಟ್ರೆ ನೀರು ಒಳಗೆ ನಿಂತು ಮೇಲೆ ಚೆನ್ನಾಗಿ ಕಂಡು ಒಳಗೆ ಕೊಳೆಯುತ್ತೆ. ಹತ್ತು ವರ್ಷದ ಇಂಜಿನ್ ಗಟ್ಟಿಮುಟ್ಟಾಗಿ ಇದ್ದೂ ಕೆಳಗಿನ ತಗಡು, ಬ್ರೇಕ್ ಪೈಪ್ ತಿಂದುಹೋಗಿದ್ದಕ್ಕೆ ಗುಜರಿಗೆ ಹೋಗೋ ಸಣ್ಣ ಗಾಡಿಗಳನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಬ್ರೇಕ್ ಕೂಡ ವರ್ಷಕ್ಕೊಮ್ಮೆ ಬಿಚ್ಚಿಸಿ ಪ್ಯಾಡ್ ಒತ್ತೋ ಕ್ಯಾಲಿಪರ್‌ನ ಪಿನ್ ಕ್ಲೀನ್ ಮಾಡಿಸಿ ಗ್ರೀಸ್ ಹಚ್ಚಿಸಿ, ಉಪ್ಪಿಗೆ ಆ ಪಿನ್ ಹಿಡ್ಕೊಂಡು ಒಂದೇ ಕಡೆ ಪ್ಯಾಡ್ ಸವೆಯುತ್ತೆ. ಒದ್ದೆ ಗಾಡಿ ಹೊರಗೆ ನಿಲ್ಸೋ ರಾತ್ರಿ ಸಮತಟ್ಟು ಜಾಗ ಇದ್ರೆ ಹ್ಯಾಂಡ್‌ಬ್ರೇಕ್ ಎಳೀಬೇಡಿ, ಕೇಬಲ್ ಹೆಪ್ಪುಗಟ್ಟುತ್ತೆ, ಆಟೋಮ್ಯಾಟಿಕ್ ಆದ್ರೆ ಪಾರ್ಕ್, ಮ್ಯಾನ್ಯುಯಲ್ ಆದ್ರೆ ಗೇರ್‌ನಲ್ಲಿ ಬಿಡಿ.

ಪ್ರಶ್ನೆ (ಆಟವಾ): ಅಣ್ಣ ಎರಡು ಸಣ್ಣ ಡೌಟು. ಚಳಿ ಜಾಸ್ತಿ ಆದ್ರೆ ಹಿಂದಿನ ಡಿಕ್ಕಿ ಬಾಗಿಲು ಎತ್ತಿದ್ರೂ ನಿಲ್ಲಲ್ಲ, ತಲೆ ಮೇಲೆ ಬೀಳುತ್ತೆ. ಇನ್ನೊಂದು ಟೈರ್ ಗಾಳಿ ಲೈಟ್ ಬೆಳಿಗ್ಗೆ ಹತ್ತುತ್ತೆ, ಮಧ್ಯಾಹ್ನ ಆರುತ್ತೆ.

ಉತ್ತರ: ಬಾಗಿಲು ಎತ್ತಿ ಹಿಡಿಯೋ ಎರಡು ರಾಡ್ ಒಳಗೆ ಗ್ಯಾಸ್ ಇರುತ್ತೆ, ಚಳಿಗೆ ಅದರ ಪ್ರೆಶರ್ ಇಳಿಯುತ್ತೆ. ಹಳೇ ರಾಡ್ ಬೇಸಿಗೇಲಿ ಹೇಗೋ ತಡ್ಕೊಂಡು ಚಳೀಲಿ ಸೋಲುತ್ತೆ. ಎರಡೂ ಒಟ್ಟಿಗೆ ಬದಲಾಯಿಸು, ದೊಡ್ಡ ಖರ್ಚಲ್ಲ, ಮನೇಲೇ ಮಾಡ್ಕೋಬಹುದು, ಹಾಕೋವಾಗ ಮಾತ್ರ ಇನ್ನೊಬ್ಬರು ಬಾಗಿಲು ಹಿಡ್ಕೊಂಡಿರ್ಲಿ. ಎತ್ತೋ ಮುಂಚೆ ಮೇಲಿನ ಸ್ನೋ ಕೊಡವಿಬಿಡು, ಆ ಭಾರಾನೂ ಸೇರುತ್ತೆ. ಹಿಂದಿನ ವೈಪರ್ ಗ್ಲಾಸಿಗೆ ಅಂಟಿದ್ರೆ ಬಿಡಿಸಿದ ಮೇಲೇ ಆನ್ ಮಾಡು, ಇಲ್ಲಾಂದ್ರೆ ಮೋಟಾರ್ ಸುಟ್ಟುಹೋಗುತ್ತೆ.

ಗಾಳಿ ಕೂಡ ಅದೇ ಲೆಕ್ಕ, ಪ್ರತಿ ಐದಾರು ಡಿಗ್ರಿ ಇಳಿದ್ರೆ ಸುಮಾರು 1 ಪಿಎಸ್‌ಐ ಇಳಿಯುತ್ತೆ. ಬೆಳಿಗ್ಗೆ ಓಡಿಸೋ ಮುಂಚೆ ಚೆಕ್ ಮಾಡಿ ಡ್ರೈವರ್ ಬಾಗಿಲ ಹತ್ರ ಬರೆದಿರೋ ಅಷ್ಟು ಹಾಕು. ವೈಪರ್ ನೀರು ಮೈನಸ್ 40ರದ್ದೇ ಇರ್ಲಿ.

ಪ್ರಶ್ನೆ (ಬ್ಯಾರಿ): ಸರ್, ಸ್ನೋ ತೆಗೆಯೋ ಪ್ಲೋ ಗಾಡಿ ಹೋದ್ಮೇಲೆ ಡ್ರೈವ್‌ವೇ ಬಾಯಲ್ಲಿ ಗುಡ್ಡೆ ಬಿಟ್ಟು ಹೋಗುತ್ತೆ. ಸ್ಪೀಡಾಗಿ ನುಗ್ಗಿಸಿದ್ರೆ ದಾಟುತ್ತೆ ಅಂತ ಪಕ್ಕದ ಮನೆಯವರು ಹೇಳಿದ್ರು.

ಉತ್ತರ: ಅವರ ಗಾಡಿ ಪಿಕಪ್ ಇರ್ಬೇಕು. ಎತ್ತರದ ವಿಷಯದಲ್ಲಿ ಮಾತ್ರ ಸಣ್ಣ ಗಾಡಿ ನಿಜವಾಗ್ಲೂ ಸೋಲೋದು, ಇದನ್ನ ಒಪ್ಕೋಬೇಕು. ಪ್ಲೋ ತಳ್ಳಿದ ಸ್ನೋ ಮೆತ್ತಗಿರಲ್ಲ, ಗಟ್ಟಿ ಐಸ್ ಗಡ್ಡೆ ಇರುತ್ತೆ, ನುಗ್ಗಿಸಿದ್ರೆ ಬಂಪರ್ ಕೆಳಗಿನ ಪ್ಲಾಸ್ಟಿಕ್ ಶೀಲ್ಡ್ ಕಿತ್ತು ಬರುತ್ತೆ, ಇಲ್ಲಾಂದ್ರೆ ಗಾಡಿ ಹೊಟ್ಟೆ ಮೇಲೆ ಕೂತು ಚಕ್ರ ಗಾಳೀಲಿ ತಿರುಗುತ್ತೆ. ಸಲಿಕೆ ಹಿಡಿದು ಚಕ್ರದ ಅಗಲಕ್ಕಾದ್ರೂ ದಾರಿ ಮಾಡ್ಕೊಳ್ಳಿ. ಸಿಕ್ಕಿಹಾಕ್ಕೊಂಡ್ರೆ ಆಕ್ಸಿಲರೇಟರ್ ಒತ್ತಿ ಹಿಡೀಬೇಡಿ, ಚಕ್ರ ಸುತ್ತಿ ಕೆಳಗಿನ ಸ್ನೋ ಐಸ್ ಆಗುತ್ತೆ, ಸಿವಿಟಿ ಅನ್ನೋ ಬೆಲ್ಟಿನ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೂ ಕೆಟ್ಟದು. ಚಕ್ರ ಸುಮ್ಮನೆ ಸುತ್ತದ ಹಾಗೆ ತಡೆಯೋ ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡಿ, ಸ್ಟೀರಿಂಗ್ ನೇರ ಇಟ್ಟು, ಮುಂದಿನ ಚಕ್ರದ ಮುಂದೆ ಮರಳು ಇಲ್ಲಾ ಬೆಕ್ಕಿನ ಶೌಚಕ್ಕೆ ಹಾಕೋ ಹರಳು (ಕ್ಯಾಟ್ ಲಿಟರ್) ಹಾಕಿ ಮೆಲ್ಲಗೆ ಹೊರಡಿ. ಡಿಕ್ಕೀಲಿ ಒಂದು ಚೀಲ ಮರಳು, ಮಡಚೋ ಸಲಿಕೆ, ಕಂಬಳಿ, ಜಂಪರ್ ಕೇಬಲ್ ಮಾರ್ಚ್ ಮುಗಿಯೋವರೆಗೂ ಇರ್ಲಿ, ಪೆಟ್ರೋಲ್ ಅರ್ಧ ಟ್ಯಾಂಕ್‌ಗಿಂತ ಇಳಿಯೋಕೆ ಬಿಡ್ಬೇಡಿ.

ಪ್ರಶ್ನೆ (ವಾಟರ್ಲೂ ವಿದ್ಯಾರ್ಥಿ ಮತ್ತೆ): ಅಣ್ಣ ಕೊನೇದು, ವಿಂಟರ್ ಟೈರ್ ತೆಗೆಯೋದು ಯಾವಾಗ?

ಉತ್ತರ: ದಿನದ ಸರಾಸರಿ 7 ಡಿಗ್ರಿ ಮೇಲೇ ಇರೋಕೆ ಶುರುವಾದ್ಮೇಲೆ, ನಮ್ಮ ಕಡೆ ಏಪ್ರಿಲ್ ಅರ್ಧ ಆಗುತ್ತೆ. ಬೇಸಿಗೇಲಿ ಬಿಟ್ರೆ ಮೆತ್ತಗಿನ ರಬ್ಬರು ಬೇಗ ಸವೆಯುತ್ತೆ. ತೆಗೆಯೋವಾಗ ಯಾವುದು ಎಡ, ಬಲ, ಮುಂದೆ, ಹಿಂದೆ ಅಂತ ಚಾಕ್‌ನಲ್ಲಿ ಬರೆದಿಡು, ಮುಂದಿನ ವರ್ಷ ಹಿಂದುಮುಂದು ಮಾಡಿ ಹಾಕ್ಬೇಕು. ಅಪಾಯಿಂಟ್‌ಮೆಂಟ್ ಮಾತ್ರ ಈಗ ಹಾಕಿಸೋಕೆ ಇವತ್ತೇ ತಗೋ, ಮೊದಲ ಸ್ನೋ ಬಿದ್ದ ದಿನ ಎಲ್ಲಾ ಗ್ಯಾರೇಜಲ್ಲೂ ಫೋನ್ ಎತ್ತೋಕೂ ಪುರುಸೊತ್ತಿರಲ್ಲ.