ಅಪ್‌ಡೇಟ್: ಅಡುಗೆಮನೆಯ ಫೈರ್ ಎಕ್ಸ್‌ಟಿಂಗ್ವಿಶರ್ ರೀಕಾಲ್ ಪಟ್ಟಿಯಲ್ಲಿದೆಯಾ?

ಹೋದ ವಾರ ಕೇಳಿದ್ದೆ: ನ್ಯೂಜೆರ್ಸಿಯಲ್ಲಿ ಕೊಂಡ ಹಳೇ ಮನೆಯ ಸಿಂಕ್ ಕೆಳಗೆ ಒಂದು ಎಕ್ಸ್‌ಟಿಂಗ್ವಿಶರ್ (ಬೆಂಕಿ ಆರಿಸುವ ಸಿಲಿಂಡರ್) ಸಿಕ್ಕಿದೆ, ಒತ್ತಡ ತೋರಿಸುವ ಮುಳ್ಳು ಹಸಿರಲ್ಲೇ ಇದೆ, ಇಟ್ಟುಕೊಳ್ಳಬಹುದಾ ಅಂತ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ನೀವು ಹೇಳಿದ್ದು 2017ರ ನವೆಂಬರ್‌ನ ರೀಕಾಲ್, ಅಂದರೆ ಕಿಡ್ಡಿ ಕಂಪನಿ ದೋಷವಿದೆ ಅಂತ ತನ್ನ ಎಕ್ಸ್‌ಟಿಂಗ್ವಿಶರ್‌ಗಳನ್ನು ವಾಪಸ್ ಕರೆದದ್ದು. ಅಮೆರಿಕದಲ್ಲೇ ಸುಮಾರು 3.78 ಕೋಟಿ, ಕೆನಡಾದಲ್ಲಿ ಇನ್ನೊಂದು 27 ಲಕ್ಷ! ಹೆಚ್ಚಿನವು ಪ್ಲಾಸ್ಟಿಕ್ ಹಿಡಿಯವು, 1973ರಿಂದ 2017ರ ಆಗಸ್ಟ್ 15ರವರೆಗೆ ತಯಾರಾದವು. ಒಳಗೆ ಕಟ್ಟಿಕೊಂಡು ಪುಡಿ ಬರದೇ ಹೋಗಬಹುದು, ಮೂತಿಯೇ ಕಳಚಿ ಹಾರಬಹುದು. 2014ರಲ್ಲಿ ಅಪಘಾತವಾದ ಕಾರಿಗೆ ಬೆಂಕಿ ಹತ್ತಿದಾಗ ಇಂಥ ಎಕ್ಸ್‌ಟಿಂಗ್ವಿಶರ್‌ಗಳು ಕೆಲಸ ಮಾಡದೆ ಒಬ್ಬರು ಸತ್ತಿದ್ದಾರೆ. ಓದಿ ಕೈ ತಣ್ಣಗಾಯಿತು.

ಅವುಗಳಲ್ಲಿ 2012ರಿಂದ ಈಚೆಗೆ ತಯಾರಾದವುಗಳ ಮೇಲೆ ಹತ್ತಂಕಿಯ ತಾರೀಖಿನ ಕೋಡ್ ಇರುತ್ತದೆ. ಐದರಿಂದ ಒಂಬತ್ತನೇ ಅಂಕಿ ನೋಡಬೇಕು. 22717 ಅಂದರೆ 2017ರ 227ನೇ ದಿನ.

ನಮ್ಮದು ಲೋಹದ ಹಿಡಿ, ಬೇರೆ ಕಂಪನಿ. ಪಟ್ಟಿಯಲ್ಲಿಲ್ಲ. ಆದರೂ ಎಸೆಯಬೇಕಂತೆ! ತಳದಲ್ಲಿ ಒತ್ತಿರುವ ವರ್ಷ 09. ಮತ್ತೆ ತುಂಬಿಸಲಾಗದ ಈ ಮಾದರಿಗೆ ಆಯುಷ್ಯ ಹೆಚ್ಚೆಂದರೆ 12 ವರ್ಷ. ಹಸಿರು ಮುಳ್ಳು ಒತ್ತಡ ಇದೆ ಅನ್ನುತ್ತದೆ ಅಷ್ಟೇ, ವಾಲ್ವ್ ತೆರೆಯುತ್ತದೆ ಅನ್ನುವುದಿಲ್ಲ.

"ಒಂದ್ಸಲ ಒತ್ತಿ ನೋಡಿ" ಅಂದವರೇ, ಕ್ಷಮಿಸಿ, ಒತ್ತಲಿಲ್ಲ. ಪುಡಿ ವಾಲ್ವ್‌ನಲ್ಲಿ ಸಿಕ್ಕಿಕೊಂಡು ಒತ್ತಡ ನಿಧಾನಕ್ಕೆ ಸೋರಿಹೋಗುತ್ತದಂತೆ.

ಹೊಸದು ತಂದಿದ್ದೇನೆ. ಈ ಸಲ ಸಿಂಕ್ ಕೆಳಗಲ್ಲ, ಬಾಗಿಲ ಪಕ್ಕ.