ವಿಪ್ಪಲ್ ಶಸ್ತ್ರಚಿಕಿತ್ಸೆಯ ನಂತರದ ಸೋರಿಕೆ: ಯಾವ ಹೊಲಿಗೆ ಕ್ಷೇಮ?

ಪ್ರಶ್ನೆ (ಡೊಂಬಿವಲಿ):
ನಮ್ಮ ಅಣ್ಣನಿಗೆ ಪಿತ್ತನಾಳದ ಕೆಳತುದಿಯಲ್ಲಿ ಗಡ್ಡೆ ಇದ್ದು, ಮುಂದಿನ ವಾರ ಪರೇಲಿನ ಆಸ್ಪತ್ರೆಯೊಂದರಲ್ಲಿ ವಿಪ್ಪಲ್ ಶಸ್ತ್ರಚಿಕಿತ್ಸೆ (ಮೇದೋಜೀರಕ ಗ್ರಂಥಿಯ ತಲೆಭಾಗವನ್ನು ಪಕ್ಕದ ಕರುಳು, ಪಿತ್ತನಾಳದ ಭಾಗಗಳೊಂದಿಗೆ ತೆಗೆದು, ಉಳಿದ ಗ್ರಂಥಿಯನ್ನು ಮತ್ತೆ ಕರುಳಿಗೆ ಜೋಡಿಸುವುದು) ನಡೆಯಲಿದೆ. ಸ್ಕ್ಯಾನ್ ನೋಡಿದ ಸರ್ಜನ್, ಮೇದೋಜೀರಕ ಗ್ರಂಥಿ ಮೃದುವಾಗಿರುವಂತಿದೆ, ಅದರ ನಾಳ ಎರಡು ಮಿಲಿಮೀಟರ್ ಮಾತ್ರ ಇದೆ, ಹಾಗಾಗಿ ಜೋಡಿಸಿದ ಜಾಗ ಸೋರುವ ಸಂಭವ ಹೆಚ್ಚು ಎಂದು ಹೇಳಿದರು. ಇದನ್ನು ತಡೆಯುವ ವಿಧಾನಗಳಿವೆಯೇ? ಅತ್ತಿಗೆ ರಾತ್ರಿಯೆಲ್ಲ ಇದನ್ನೇ ಕೇಳುತ್ತಿದ್ದಾರೆ.

ಉತ್ತರ (ಪುಣೆ, ನಿವೃತ್ತ ಸರ್ಜನ್):
ನಾಳ ಬಹುಕಾಲ ಕಟ್ಟಿಕೊಂಡಿದ್ದ ಗ್ರಂಥಿ ಗಟ್ಟಿಯಾಗಿ ಹೊಲಿಗೆಯನ್ನು ಹಿಡಿದುಕೊಳ್ಳುತ್ತದೆ. ಪಿತ್ತನಾಳದ ಗಡ್ಡೆಯಲ್ಲಿ ಗ್ರಂಥಿ ಸಾಮಾನ್ಯವಾಗಿ ಆರೋಗ್ಯವಾಗಿ, ಮೃದುವಾಗಿಯೇ ಇರುವುದರಿಂದ, ದಾರವನ್ನು ತುಸು ಬಿಗಿದರೂ ಬೆಣ್ಣೆಯನ್ನು ಕೊಯ್ದಂತೆ ಕೊಯ್ದುಬಿಡುತ್ತದೆ. ಆದ್ದರಿಂದಲೇ ಬ್ಲೂಮ್‌ಗಾರ್ಟ್ ವಿಧಾನದಲ್ಲಿ ದಾರವನ್ನು ಗ್ರಂಥಿಯ ಪೂರ್ಣ ದಪ್ಪದ ಮೂಲಕ ಹಾಯಿಸಿ, ಹಿಂದೆ ಮುಂದೆ ಕರುಳಿನ ಗೋಡೆಯನ್ನೇ ಮೆತ್ತೆಯಂತೆ ಇಟ್ಟು ಗಂಟು ಹಾಕುತ್ತಾರೆ. ಒಳಗೆ ನಾಳದ ಬಾಯಿಯನ್ನು ಕರುಳಿನ ಒಳಪದರಕ್ಕೆ, ವರ್ಧಕ ಕನ್ನಡಕ ಧರಿಸಿ, ಕೂದಲಿನಷ್ಟು ಸಣ್ಣ ದಾರದಿಂದ ಸೇರಿಸುತ್ತಾರೆ. ಇಂಥ ಸಣ್ಣ ನಾಳದಲ್ಲಿ ತೆಳುವಾದ ಸ್ಟೆಂಟ್ (ನಳಿಕೆ) ಇಟ್ಟು ಗ್ರಂಥಿಯ ಜೀರ್ಣರಸವನ್ನು ಹೊಟ್ಟೆಯ ಹೊರಗೆ ಹರಿಸುವುದೂ ಉಂಟು. ಕರುಳಿನ ಬದಲು ಜಠರಕ್ಕೆ ಜೋಡಿಸುವುದು ಮೇಲೋ ಎಂಬ ಚರ್ಚೆಯಲ್ಲಿ ಅಧ್ಯಯನಗಳು ಒಮ್ಮತಕ್ಕೆ ಬಂದಿಲ್ಲ. ಸೋರಿಕೆಯನ್ನು ಪೂರ್ತಿ ಇಲ್ಲವಾಗಿಸುವ ಹೊಲಿಗೆ ಯಾವುದೂ ಇಲ್ಲ. ನಿಮ್ಮ ಸರ್ಜನ್ ನೂರಾರು ಬಾರಿ ಮಾಡಿ ಕೈ ಪಳಗಿಸಿಕೊಂಡ ವಿಧಾನವನ್ನು ಬದಲಿಸಲು ನೀವು ಒತ್ತಾಯಿಸಬೇಡಿ.

ಸೋರಿದ ರಸ ಪಕ್ಕದ ರಕ್ತನಾಳದ ಗೋಡೆಯನ್ನು ತಿನ್ನುವುದು ನಿಜವಾದ ಅಪಾಯ. ಅದಕ್ಕಾಗಿ ಕತ್ತರಿಸಿದ ಅಪಧಮನಿಯ ಮೊಂಡಿಯ ಮೇಲೆ ಯಕೃತ್ತಿನ ಬಳಿಯ ಪಟ್ಟಿಯಂಥ ಅಂಗಾಂಶವನ್ನು ಹೊದಿಸುವ ರೂಢಿಯಿದೆ. ನಾನು ಅದನ್ನು ಎಂದೂ ಬಿಟ್ಟವನಲ್ಲ.

ಉತ್ತರ (ಮುಲುಂಡ್, ಶಸ್ತ್ರಚಿಕಿತ್ಸಾ ವಾರ್ಡಿನ ನರ್ಸ್):
ಡಾಕ್ಟರ್ ಹೇಳಿದ್ದಕ್ಕೆ ವಾರ್ಡಿನ ಮಾತು ಸೇರಿಸುತ್ತೇನೆ. ಮೂರನೆಯ ದಿನ ಅಥವಾ ಅನಂತರ ಡ್ರೈನ್‌ನಲ್ಲಿ (ಹೊಟ್ಟೆಯೊಳಗಿನ ದ್ರವ ಹೊರಬರಲು ಇಟ್ಟ ನಳಿಕೆ) ಬರುವ ದ್ರವದ ಅಮೈಲೇಸ್ (ಮೇದೋಜೀರಕ ರಸದ ಒಂದು ಕಿಣ್ವ), ರಕ್ತದ ಸಾಮಾನ್ಯ ಗರಿಷ್ಠ ಮಟ್ಟದ ಮೂರು ಪಟ್ಟನ್ನು ಮೀರಿದರೂ ರೋಗಿ ಚೆನ್ನಾಗಿದ್ದರೆ, 2016ರ ಅಂತರರಾಷ್ಟ್ರೀಯ ವ್ಯಾಖ್ಯೆಯಂತೆ ಅದನ್ನು ಫಿಸ್ಟುಲಾ (ತೊಂದರೆ ಕೊಡುವ ನಿಜವಾದ ಸೋರಿಕೆ) ಎನ್ನುವುದಿಲ್ಲ. ಆ ಅಂಕಿ ನೋಡಿ ಅತ್ತಿಗೆಯವರು ಗಾಬರಿಯಾಗದಿರಲಿ. ಆದರೆ ತಿಳಿಯಾಗಿದ್ದ ದ್ರವ ಬೂದುಗಂದು ಬಣ್ಣಕ್ಕೆ ತಿರುಗಿ ಕದಡಿದರೆ, ಜ್ವರ ಬಂದರೆ, ಅಥವಾ ಡ್ರೈನ್ ನಳಿಕೆಯಲ್ಲಿ ಚಮಚೆಯಷ್ಟು ತಾಜಾ ರಕ್ತ ಕಂಡು ತಾನಾಗಿ ನಿಂತರೂ ಸಹ, ಬೆಳಗಾಗಲಿ ಎಂದು ಕಾಯದೆ ಕೂಡಲೇ ತಿಳಿಸಬೇಕು. ಆ ಚಿಕ್ಕ ರಕ್ತಸ್ರಾವ ದೊಡ್ಡದೊಂದರ ಮುನ್ಸೂಚನೆಯಾಗಿರಬಹುದು.

ನೆದರ್‌ಲ್ಯಾಂಡ್ಸ್‌ನ 17 ಆಸ್ಪತ್ರೆಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ರತಿದಿನ ಇಂಥ ಲಕ್ಷಣಗಳನ್ನು ನಿಗದಿತ ಕ್ರಮದಲ್ಲಿ ಪರಿಶೀಲಿಸಿ ಬೇಗ ಸಿಟಿ ಸ್ಕ್ಯಾನ್ ಮಾಡಿ ದ್ರವವನ್ನು ಹೊರತೆಗೆದಾಗ, ಗಂಭೀರ ರಕ್ತಸ್ರಾವ, ಅಂಗವೈಫಲ್ಯ ಅಥವಾ ಸಾವು ಸಂಭವಿಸಿದವರ ಪ್ರಮಾಣ ಶೇ. 14ರಿಂದ ಶೇ. 8ಕ್ಕೆ ಇಳಿಯಿತು.

ಪ್ರಶ್ನೆ ಕೇಳಿದವರು:
ಡಾಕ್ಟರೇ, ಸಿಸ್ಟರ್, ಇಬ್ಬರಿಗೂ ಕೃತಜ್ಞತೆಗಳು. ಹೊಲಿಗೆಯ ಹೆಸರು ಹಿಡಿದು ವಾದಿಸುವುದಿಲ್ಲ. ನಾಳೆ ಒಪಿಡಿಯಲ್ಲಿ ಎರಡನ್ನು ಮಾತ್ರ ಕೇಳುತ್ತೇನೆ: ಡ್ರೈನ್ ಅನ್ನು ದಿನವೂ ಯಾರು ಪರೀಕ್ಷಿಸುತ್ತಾರೆ, ಮತ್ತು ನಡುರಾತ್ರಿ ರಕ್ತಸ್ರಾವವಾದರೆ ಆಂಜಿಯೋಗ್ರಫಿ ಮಾಡಿ ರಕ್ತನಾಳವನ್ನು ಮುಚ್ಚುವವರು ಅಲ್ಲಿಯೇ ಇರುತ್ತಾರೆಯೇ?