ರಾತ್ರಿಯಿಡೀ ಬೆಡ್‌ನಲ್ಲಿದ್ದರೂ ಕ್ಲೇಮ್ ಇಲ್ವಂತೆ

ಪ್ರಶ್ನೆ: ಅಪ್ಪನಿಗೆ 74. ಸೋಮವಾರಪೇಟೆ ಹತ್ತಿರ ನಮ್ಮ ಮನೆ. ಕಣದಲ್ಲಿ ಕಾಫಿ ಹರಡುತ್ತಿದ್ದಾಗ ತಲೆಸುತ್ತಿ ಬಿದ್ದರು. ಮಡಿಕೇರಿಯಲ್ಲಿ ಸಂಜೆ 4ಕ್ಕೆ ಡ್ರಿಪ್ ಹಾಕಿದರು, ಮರುದಿನ 11ಕ್ಕೆ ಕಳಿಸಿದರು. ಉಗುರಿನಲ್ಲಿ ಕಾಫಿ ಸಿಪ್ಪೆ ಇನ್ನೂ ಹಾಗೇ ಇತ್ತು. ವಿಮೆಯವರು ‘ಬರೀ ಅಬ್ಸರ್ವೇಶನ್’ (ನಿಗಾದಲ್ಲಿ ಇಟ್ಟದ್ದು ಅಷ್ಟೇ, ಅಡ್ಮಿಟ್ ಅಲ್ಲ) ಅಂತ ಹಣ ಕೊಡಲಿಲ್ಲ. ಏನು ಮಾಡಲಿ?

ಉತ್ತರ 1: ಹೆಚ್ಚಿನ ಪಾಲಿಸಿಗಳಲ್ಲಿ ಒಳರೋಗಿಯಾಗಿ 24 ಗಂಟೆ ಇರಬೇಕು. ನಿಮ್ಮದು 19 ಆಯ್ತಲ್ವಾ? ಕಣ್ಣಿನ ಪೊರೆ ಆಪರೇಷನ್‌ನಂಥ, ಒಂದು ದಿನದೊಳಗೆ ಮುಗಿಯುವ ಡೇ ಕೇರ್ ಚಿಕಿತ್ಸೆಗೆ ಮಾತ್ರ ವಿನಾಯಿತಿ. ಒಪಿಡಿ (ಹೊರರೋಗಿ) ಖರ್ಚಿಗೆ ಕವರ್ ಉಂಟಾ ನೋಡಿ.

ಉತ್ತರ 2: ಆಸ್ಪತ್ರೆ ದಾಖಲೆಯಲ್ಲಿ ಸಮಯ ತಿದ್ದಿಸಲು ಮಾತ್ರ ಹೋಗಬೇಡಿ. ನನ್ನ ಅತ್ತೆಯನ್ನು ಆಸ್ಪತ್ರೆಗೆ ಸೇರಿಸಿದಾಗ ‘ಅಡ್ಮಿಟ್ ಅಂತಾನೇ ಬರೆದಿದ್ದೀರಾ?’ ಎಂದು ಅಲ್ಲಿಯವರನ್ನು ಮೊದಲೇ ಕೇಳಿದ್ದೆ. ಕ್ಲೇಮ್ ತಳ್ಳಿದ ಕಾರಣವನ್ನು ಬರಹದಲ್ಲಿ ಪಡೆಯಿರಿ. ತಪ್ಪು ಅನಿಸಿದರೆ ಮೊದಲು ಕಂಪನಿಗೆ ದೂರು ಕೊಡಿ, ಆಮೇಲೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ (ವಿಮೆ ದೂರುಗಳನ್ನು ವಿಚಾರಿಸುವ ಅಧಿಕಾರಿ). ಶುಲ್ಕ ಇಲ್ಲ.

ಪ್ರಶ್ನೆ ಕೇಳಿದವರು: ಪಾಲಿಸಿ ತೆಗೆದು ಓದ್ತೇನೆ. ಅಪ್ಪ ಈಗ ಹುಷಾರು.